ಆದಿವಾಸಿಗಳ ಸಾಮೂಹಿಕ ಭೂಮಿಯನ್ನು ಒಬ್ಬೊಬ್ಬರ ಹೆಸರಿಗೆ ಮಾಡಿಕೊಟ್ಟರೆ ಬಡತನ ಹೋಗುತ್ತಾ?

ಪ್ರಶ್ನೆ ಕೇಳಿದವರು: ಲೆಕ್ಕದಪುಸ್ತಕ

ಗೆಳೆಯರೊಬ್ಬರ ಜತೆ ವಾದಕ್ಕೆ ಬಿದ್ದಿದ್ದೇನೆ, ಇನ್ನೂ ಮುಗಿದಿಲ್ಲ. ಅವರ ಮಾತು ಇಷ್ಟು. ಜಗತ್ತಿನಲ್ಲಿ ಎಷ್ಟೋ ಆದಿವಾಸಿ ಸಮುದಾಯಗಳ ಹತ್ತಿರ ಭೂಮಿ ಇದೆ, ಕಾಡು ಇದೆ, ಕೆಲವು ಕಡೆ ನೆಲದಡಿ ಖನಿಜವೂ ಇದೆ. ಆದರೂ ಬಡವರಾಗೇ ಉಳಿದಿದ್ದಾರೆ. ಯಾಕೆ ಅಂದರೆ ಆ ಭೂಮಿ ಯಾರೊಬ್ಬರ ಹೆಸರಲ್ಲೂ ಇಲ್ಲ, ಇಡೀ ಸಮುದಾಯದ್ದು. ಮಾರುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ, ಹಾಗಾಗಿ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಸಾಲ ಇಲ್ಲದೆ ಅಂಗಡಿ ಇಲ್ಲ, ಯಂತ್ರ ಇಲ್ಲ, ಮನೆ ಇಲ್ಲ. ಪೆರುವಿನ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೊಟೊ ಬಡವರ ಆಸ್ತಿಯನ್ನು "ಸತ್ತ ಬಂಡವಾಳ" ಎಂದು ಕರೆದಿದ್ದರಲ್ಲ, ಅದೇ ವಾದ. ಎಲ್ಲರಿಗೂ ಅವರವರ ಪಾಲಿನ ಹಕ್ಕುಪತ್ರ ಕೊಟ್ಟುಬಿಡಿ, ಒಂದು ತಲೆಮಾರಿನಲ್ಲಿ ಬಡತನ ಹೋಗುತ್ತದೆ ಅನ್ನುತ್ತಾರೆ ಅವರು.

ಕೇಳಲಿಕ್ಕೆ ಸರಿಯಾಗೇ ಇದೆ. ನನಗೆ ಥಟ್ ಅಂತ ಉತ್ತರ ಹೊಳೆಯಲಿಲ್ಲ. ಆದರೆ ಏನೋ ಎಲ್ಲೋ ತಪ್ಪಿದೆ ಅನ್ನಿಸುತ್ತಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ ವರದಿ ನೋಡಿದೆ. ಜಗತ್ತಿನಲ್ಲಿ ಸುಮಾರು 47.6 ಕೋಟಿ ಆದಿವಾಸಿಗಳಿದ್ದಾರೆ, ಒಟ್ಟು ಜನಸಂಖ್ಯೆಯ ಶೇ 6ಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಕಡುಬಡವರ ಲೆಕ್ಕ ತೆಗೆದರೆ ಅದರಲ್ಲಿ ಇವರ ಪಾಲು ಸುಮಾರು ಶೇ 19. ಬೇರೆಯವರಿಗೆ ಹೋಲಿಸಿದರೆ ಕಡುಬಡತನದಲ್ಲಿರುವ ಸಂಭವ ಹತ್ತಿರ ಹತ್ತಿರ ಮೂರು ಪಟ್ಟು. ಶ್ರೀಮಂತ ದೇಶ, ಬಡ ದೇಶ ಅನ್ನದೆ ಈ ಅಂತರ ಕಾಣುತ್ತದೆ. ದೇಶದ ಒಟ್ಟು ಬೆಳವಣಿಗೆಯಿಂದ ತಾನಾಗೇ ಸರಿಹೋಗುವ ಸಂಗತಿ ಇದಲ್ಲ ಅನ್ನುವುದಂತೂ ನನಗೆ ಸ್ಪಷ್ಟ.

ಹಾಗಾದರೆ ಹಕ್ಕುಪತ್ರದ ದಾರಿ ಎಲ್ಲಾದರೂ ನಿಜವಾಗಿ ಮಾಡಿ ನೋಡಿದ್ದಾರಾ? ಏನಾಯಿತು? ಭಾಷಣ ಬೇಡ, ಉದಾಹರಣೆ ಇದ್ದರೆ ಕೊಡಿ.

---

ಹಳೇಕಡತ

ಮಾಡಿ ನೋಡಿದ್ದಾರೆ. ಸಣ್ಣದಾಗಿ ಅಲ್ಲ, ಒಂದು ಖಂಡದಷ್ಟು ದೊಡ್ಡದಾಗಿ. ನಿಮ್ಮ ಗೆಳೆಯರಿಗೆ ಅಮೆರಿಕದ 1887ರ ಡಾಸ್ ಕಾಯ್ದೆ ಬಗ್ಗೆ ಕೇಳಿ.

ಆಗಲೂ ಇದೇ ವಾದ ಇತ್ತು, ಅಕ್ಷರಶಃ ಇದೇ. ಬುಡಕಟ್ಟಿನ ಭೂಮಿ ಎಲ್ಲರದ್ದೂ ಆಗಿರುವುದರಿಂದಲೇ ಇಂಡಿಯನ್ನರು (ಅಂದರೆ ಅಮೆರಿಕದ ಮೂಲನಿವಾಸಿಗಳು) ಹಿಂದುಳಿದಿದ್ದಾರೆ, ಒಬ್ಬೊಬ್ಬರಿಗೆ ತುಂಡು ಮಾಡಿ ಕೊಟ್ಟರೆ ರೈತರಾಗುತ್ತಾರೆ, ಉದ್ಧಾರವಾಗುತ್ತಾರೆ ಅಂತ. ಹೇಳಿದವರಲ್ಲಿ ಎಷ್ಟೋ ಜನ ಒಳ್ಳೆ ಮನಸ್ಸಿನಿಂದಲೇ ಹೇಳಿದರು, ಅದೂ ನಿಜ. ಕುಟುಂಬದ ಯಜಮಾನನಿಗೆ 160 ಎಕರೆ, ಒಂಟಿ ವಯಸ್ಕರಿಗೆ 80 ಎಕರೆ, ಹೀಗೆ ಹಂಚಿದರು. ಹಂಚಿ ಮಿಕ್ಕಿದ್ದನ್ನು "ಹೆಚ್ಚುವರಿ" ಅಂತ ಘೋಷಿಸಿ ಹೊರಗಿನ ವಲಸಿಗರಿಗೆ ಮಾರಿದರು. ಕೊಟ್ಟ ತುಂಡುಗಳು 25 ವರ್ಷ ಸರ್ಕಾರದ ಟ್ರಸ್ಟಿನಲ್ಲಿ, ಅಂದರೆ ಮಾರಲಾಗದ ಹಾಗೆ ಸರ್ಕಾರದ ಸುಪರ್ದಿಯಲ್ಲಿ, ಇರಬೇಕಿತ್ತು. 1906ರಲ್ಲಿ ಇನ್ನೊಂದು ಕಾಯ್ದೆ ತಂದು, "ಸಮರ್ಥ" ಅಂತ ಅಧಿಕಾರಿಗೆ ಅನ್ನಿಸಿದವರಿಗೆ ಮೊದಲೇ ಪೂರ್ತಿ ಹಕ್ಕು ಕೊಡಬಹುದು ಅಂದರು. ಪೂರ್ತಿ ಹಕ್ಕು ಬಂದ ಕೂಡಲೇ ತೆರಿಗೆಯೂ ಬಂತು. ಕೈಯಲ್ಲಿ ನಗದಿಲ್ಲ, ತೆರಿಗೆ ಕಟ್ಟಲಾಗಲಿಲ್ಲ, ಭೂಮಿ ಹರಾಜಾಯಿತು. ಇಲ್ಲವೇ ಬಂದ ಬೆಲೆಗೆ ಮಾರಿದರು.

ಲೆಕ್ಕ ಕೇಳಿ. 1887ರಲ್ಲಿ ಬುಡಕಟ್ಟುಗಳ ಕೈಯಲ್ಲಿ ಸುಮಾರು 13.8 ಕೋಟಿ ಎಕರೆ ಇತ್ತು. 1934ರಲ್ಲಿ ಈ ನೀತಿ ನಿಲ್ಲಿಸುವ ಹೊತ್ತಿಗೆ ಉಳಿದಿದ್ದು 4.8 ಕೋಟಿ ಎಕರೆ. ಮೂರರಲ್ಲಿ ಎರಡು ಪಾಲು, 47 ವರ್ಷದಲ್ಲಿ. ಉಳಿದದ್ದರಲ್ಲೂ ಬಹಳಷ್ಟು ಒಣ ನೆಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಟ್ರಸ್ಟಿನಲ್ಲೇ ಉಳಿದ ತುಂಡುಗಳಿಗೆ ಇನ್ನೊಂದು ರೋಗ ಹಿಡಿಯಿತು. ಮಾಲೀಕ ಸತ್ತ, ಉಯಿಲು ಇಲ್ಲ, ಮಕ್ಕಳಿಗೆಲ್ಲ ಸಮಪಾಲು. ಆದರೆ ನೆಲವನ್ನು ಅಳೆದು ತುಂಡು ಮಾಡುವುದಿಲ್ಲ, ಕಾಗದದ ಮೇಲೆ ಪಾಲು ಮಾತ್ರ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ 40 ಎಕರೆಯ ಒಂದು ತುಂಡಿನ ಉದಾಹರಣೆ ಕೊಟ್ಟಿದೆ. ಅದಕ್ಕೆ 439 ಮಾಲೀಕರು. ವರ್ಷದ ಆದಾಯ 1,080 ಡಾಲರ್. ಮೂರರಲ್ಲಿ ಒಂದು ಭಾಗದಷ್ಟು ಮಾಲೀಕರಿಗೆ ವರ್ಷಕ್ಕೆ ಸಿಗುವ ಬಾಡಿಗೆ 5 ಸೆಂಟ್‌ಗಿಂತ ಕಡಿಮೆ. ಆ ನೆಲದ ಬೆಲೆ 8,000 ಡಾಲರ್, ಅದರ ಕಡತ ನೋಡಿಕೊಳ್ಳಲು ಸರ್ಕಾರಕ್ಕೆ ವರ್ಷಕ್ಕೆ ತಗಲುವ ಖರ್ಚು 17,560 ಡಾಲರ್! ಇದನ್ನು ಓದಿ ನಗಬೇಕೋ ಅಳಬೇಕೋ ನೀವೇ ಹೇಳಿ. ಇಷ್ಟು ಜನರ ಸಹಿ ಇಲ್ಲದೆ ಅಲ್ಲಿ ಒಂದು ಶೆಡ್ ಹಾಕುವುದೂ ಕಷ್ಟ.

ಇನ್ನು ಆ ಬಾಡಿಗೆ ಹಣದ ಲೆಕ್ಕವನ್ನು ಸರ್ಕಾರ ಸರಿಯಾಗಿ ಇಟ್ಟಿರಲಿಲ್ಲ. ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಎಲೊಯಿಸ್ ಕೊಬೆಲ್ ಅನ್ನುವವರು, ಬ್ಯಾಂಕ್ ಕಟ್ಟಿದವರು, ಲೆಕ್ಕ ಬಲ್ಲವರು, 1996ರಲ್ಲಿ ಕೇಸು ಹಾಕಿದರು. 2009ರಲ್ಲಿ 340 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ 190 ಕೋಟಿ ಡಾಲರನ್ನು ಏನಕ್ಕೆ ಇಟ್ಟರು ಗೊತ್ತಾ? ಹೀಗೆ ಚೂರುಚೂರಾದ ಪಾಲುಗಳನ್ನು ಮಾಲೀಕರಿಂದ ಕೊಂಡು ಮತ್ತೆ ಬುಡಕಟ್ಟಿಗೇ ಸೇರಿಸುವುದಕ್ಕೆ. ಒಡೆದದ್ದನ್ನು ಜೋಡಿಸಲು ನೂರು ವರ್ಷದ ಮೇಲೆ ದುಡ್ಡು ಕೊಡಬೇಕಾಯಿತು.

---

ಅಡ್ಡಮಾತು

ಮೇಲಿನವರು ಹೇಳಿದ ಇತಿಹಾಸ ಸರಿ. ಆದರೆ ಅದರಿಂದ ಅವರು ತೆಗೆಯುವ ತೀರ್ಮಾನ ಒಪ್ಪುವುದು ಕಷ್ಟ. 439 ಮಾಲೀಕರ ತುಂಡು ಖಾಸಗಿ ಆಸ್ತಿಯ ಸೋಲಲ್ಲ. ಅದು ಮಾರಲೂ ಬಿಡದೆ, ಉಯಿಲು ಬರೆಯಲೂ ಸರಿಯಾಗಿ ಕಲಿಸದೆ, ಪ್ರತಿ ಗುತ್ತಿಗೆಗೂ ಅಧಿಕಾರಿಯ ಸಹಿ ಬೇಕು ಅಂತ ಕೂರಿಸಿದ ಸರ್ಕಾರಿ ಟ್ರಸ್ಟಿನ ಸೋಲು. ಎರಡನ್ನೂ ಕಲಸಬೇಡಿ.

1992ರಲ್ಲಿ ಆಂಡರ್ಸನ್ ಮತ್ತು ಲ್ಯೂಕ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ರಿಸರ್ವೇಶನ್‌ಗಳ, ಅಂದರೆ ಬುಡಕಟ್ಟುಗಳಿಗೆ ಮೀಸಲಿಟ್ಟ ಪ್ರದೇಶಗಳ, ಕೃಷಿ ಉತ್ಪತ್ತಿ ಹೋಲಿಸಿ ನೋಡಿದರು. ಪೂರ್ತಿ ಖಾಸಗಿ ಹಕ್ಕಿನ ಭೂಮಿಯಲ್ಲಿ ಎಕರೆಗೆ ಬರುವ ಉತ್ಪತ್ತಿಗಿಂತ ವೈಯಕ್ತಿಕ ಟ್ರಸ್ಟ್ ಭೂಮಿಯಲ್ಲಿ ಕಡಿಮೆ, ಬುಡಕಟ್ಟಿನ ಸಾಮೂಹಿಕ ಟ್ರಸ್ಟ್ ಭೂಮಿಯಲ್ಲಿ ಇನ್ನೂ ತೀರಾ ಕಡಿಮೆ. ಆಮೇಲೆ 2008ರಲ್ಲಿ ಅದೇ ಆಂಡರ್ಸನ್ ಮತ್ತು ಪಾರ್ಕರ್ ಇನ್ನೊಂದು ಕೆಲಸ ಮಾಡಿದರು. 1953ರ ಒಂದು ಕಾನೂನಿನಿಂದ ಕೆಲವು ರಿಸರ್ವೇಶನ್‌ಗಳು ರಾಜ್ಯದ ಕೋರ್ಟುಗಳ ವ್ಯಾಪ್ತಿಗೆ ಬಂದಿದ್ದವು, ಉಳಿದವು ಬುಡಕಟ್ಟಿನ ಕೋರ್ಟುಗಳಲ್ಲೇ ಇದ್ದವು. 1969ರಿಂದ 1999ರವರೆಗೆ ತಲಾ ಆದಾಯ ಜಾಸ್ತಿ ಬೆಳೆದದ್ದು ಮೊದಲ ಗುಂಪಿನಲ್ಲಿ. ಯಾಕೆ? ಹೊರಗಿನ ಹೂಡಿಕೆದಾರನಿಗೆ ನಾಳೆ ಜಗಳ ಬಂದರೆ ಯಾರು ತೀರ್ಪು ಕೊಡುತ್ತಾರೆ ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಅವನು ಬರುವುದೇ ಇಲ್ಲ. ಇದು ಯಾರಿಗೂ ಇಷ್ಟವಾಗದ ಮಾತು, ಆದರೆ ಅಂಕಿ ಅಂಕಿಯೇ.

ನಾನು ಡಾಸ್ ಕಾಯ್ದೆಯ ಪರ ಅಲ್ಲ. ಮಿಕ್ಕಿದ ಭೂಮಿಯನ್ನು ಹೊರಗಿನವರಿಗೆ ಮಾರಿದ್ದು ಸುಧಾರಣೆ ಅಲ್ಲ, ಲೂಟಿ. ನನ್ನ ವಾದ ಒಂದೇ, ಒಬ್ಬ ಮನುಷ್ಯ ತನ್ನ ಮನೆಯ ಮೇಲೆ ತಾನು ಸಾಲ ತೆಗೆಯಬೇಕು ಅಂದರೆ ಇಡೀ ಸಮುದಾಯದ, ಅದರ ಮೇಲೆ ಸರ್ಕಾರದ, ಅಪ್ಪಣೆ ಕೇಳುತ್ತಾ ನಿಲ್ಲಬೇಕು ಅನ್ನುವ ಸ್ಥಿತಿಯನ್ನು ಸಂಸ್ಕೃತಿಯ ಹೆಸರಲ್ಲಿ ಹೊಗಳಬೇಡಿ. ಹೊಗಳುವವರ ಮನೆ ಸಾಮಾನ್ಯವಾಗಿ ಅವರ ಸ್ವಂತ ಹೆಸರಲ್ಲೇ ಇರುತ್ತದೆ.

---

ನದಿದಂಡೆ

ಅಡ್ಡಮಾತು ಅವರೇ, ಕೊನೆ ಸಾಲು ಚೆನ್ನಾಗಿದೆ, ಕುಟುಕಿತು. ಆದರೆ ನೀವಿಬ್ಬರೂ ಸಾಲ ಬೇಕಾದರೆ ಭೂಮಿಯನ್ನೇ ಅಡ ಇಡಬೇಕು ಅನ್ನುವುದನ್ನು ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೀರಿ. ಯಾಕೆ ಇಡಬೇಕು?

ಮೊದಲು ಒಂದು ಮಾತು. ಹಕ್ಕುಪತ್ರ ಕೊಟ್ಟ ತಕ್ಷಣ ಬ್ಯಾಂಕು ಬಾಗಿಲು ತೆರೆಯುತ್ತದೆ ಅನ್ನುವುದಕ್ಕೆ ಆಧಾರ ಬಹಳ ತೆಳು. ಪೆರುವಿನ ನಗರಗಳಲ್ಲೇ 90ರ ದಶಕದಲ್ಲಿ ಲಕ್ಷಗಟ್ಟಲೆ ಹಕ್ಕುಪತ್ರ ಹಂಚಿದರು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಅಂಚಿನ ಒಂದು ಬಡಾವಣೆಯನ್ನೂ ಅಧ್ಯಯನ ಮಾಡಿದ್ದಾರೆ. ಜನ ಮನೆ ಗಟ್ಟಿ ಮಾಡಿಕೊಂಡರು, ಮಕ್ಕಳ ಓದಿಗೆ ಅನುಕೂಲವಾಯಿತು, ಅದೆಲ್ಲ ನಿಜ. ಆದರೆ ಬ್ಯಾಂಕ್ ಸಾಲ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಬ್ಯಾಂಕಿನವನು ಮೊದಲು ನೋಡುವುದು ತಿಂಗಳ ಆದಾಯ, ಆಮೇಲೆ ಭೂಮಿ.

ಈಗ ಕೆನಡಾ ನೋಡಿ. ಅಲ್ಲಿ 1876ರ ಇಂಡಿಯನ್ ಕಾಯ್ದೆ ಇಂದಿಗೂ ಇದೆ, ರಿಸರ್ವ್ ಭೂಮಿಯನ್ನು ಹೊರಗಿನವರು ಜಪ್ತಿ ಮಾಡುವ ಹಾಗಿಲ್ಲ. ಹಾಗಾಗಿ ಅಡ ಇಲ್ಲ, ಸಾಲ ಇಲ್ಲ, ಪ್ರಶ್ನೆ ಕೇಳಿದವರ ಗೆಳೆಯರು ಹೇಳಿದ ಹಾಗೇ. ಆದರೆ ಅಲ್ಲಿನ ಕೆಲವು ಮೂಲನಿವಾಸಿ ನಾಯಕರು ಭೂಮಿಗೆ ಕೈ ಹಾಕದೆ ಬೇರೆ ದಾರಿ ಹಿಡಿದರು. ತಮ್ಮದೇ ತೆರಿಗೆ, ಗುತ್ತಿಗೆ, ಉದ್ಯಮಗಳಿಂದ ಬರುವ ವರಮಾನವನ್ನು ಆಧಾರ ಮಾಡಿಕೊಂಡು, ಹಲವು ಸಮುದಾಯಗಳು ಒಟ್ಟಾಗಿ ಬಾಂಡ್ ಮಾರುಕಟ್ಟೆಗೆ (ಸಾಲಪತ್ರ ಮಾರಿ ಹೂಡಿಕೆದಾರರಿಂದ ಹಣ ಎತ್ತುವ ಕಡೆಗೆ) ಹೋಗಲು ಒಂದು ಸಂಸ್ಥೆ ಬೇಕು ಅಂತ ಪಟ್ಟು ಹಿಡಿದು ಕಾನೂನು ಮಾಡಿಸಿದರು. ಅದೇ ಫಸ್ಟ್ ನೇಷನ್ಸ್ ಫೈನಾನ್ಸ್ ಅಥಾರಿಟಿ. ಒಂದೊಂದೇ ಸಮುದಾಯ ಹೋದರೆ ಬಡ್ಡಿ ಜಾಸ್ತಿ, ಎಲ್ಲರೂ ಸೇರಿ ಹೋದರೆ ಕಡಿಮೆ. ಮೊದಲ ಬಾಂಡ್ 2014ರಲ್ಲಿ, 9 ಕೋಟಿ ಕೆನಡಾ ಡಾಲರ್. ಸೇರಬೇಕಾದರೆ ಸಮುದಾಯದ ಲೆಕ್ಕಪತ್ರ, ಹಣಕಾಸು ನಿಯಮ ಎಲ್ಲ ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆಯಬೇಕು. ಪುಕ್ಕಟೆ ಏನೂ ಇಲ್ಲ.

ಇದರಿಂದ ಏನಾಯಿತು ಅಂದರೆ, ಅಟ್ಲಾಂಟಿಕ್ ಕರಾವಳಿಯ ಏಳು ಮಿಕ್‌ಮಾ ಸಮುದಾಯಗಳು ಒಟ್ಟಾಗಿ 25 ಕೋಟಿ ಕೆನಡಾ ಡಾಲರ್ ಸಾಲ ಎತ್ತಿ, ಒಂದು ಪಾಲುದಾರ ಕಂಪನಿ ಜತೆ ಸೇರಿ, 2021ರಲ್ಲಿ ಕ್ಲಿಯರ್‌ವಾಟರ್ ಅನ್ನುವ ದೊಡ್ಡ ಮೀನುಗಾರಿಕೆ ಕಂಪನಿಯನ್ನು ಕೊಂಡವು. ಒಟ್ಟು ವ್ಯವಹಾರ ಸುಮಾರು 100 ಕೋಟಿ ಡಾಲರಿನದ್ದು. ಒಂದು ಎಕರೆ ಅಡ ಇಟ್ಟಿಲ್ಲ. ಇದರಲ್ಲಿ ಮುಂದಾಳತ್ವ ವಹಿಸಿದ ಮೆಂಬರ್ಟೂ ಸಮುದಾಯ ಒಂದು ಕಾಲದಲ್ಲಿ ಸಾಲದಲ್ಲಿ ಮುಳುಗಿತ್ತು. ಅವರು ಮೊದಲು ಮಾಡಿದ್ದು ಲೆಕ್ಕ ಸರಿ ಮಾಡಿಕೊಳ್ಳುವ ಕೆಲಸ.

ಅದೇ ದೇಶದಲ್ಲಿ ಉಲ್ಟಾ ಉದಾಹರಣೆಯೂ ಇದೆ, ಅಡ್ಡಮಾತು ಅವರಿಗೆ ಇಷ್ಟವಾಗಬಹುದು. ಬ್ರಿಟಿಷ್ ಕೊಲಂಬಿಯಾದ ನಿಸ್ಗಾ ಜನರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಆಮೇಲೆ ಅವರದೇ ಶಾಸಕಾಂಗ ಕೂತು ಚರ್ಚಿಸಿ, ಮನೆ ನಿವೇಶನಗಳಿಗೆ ಮಾತ್ರ ಪೂರ್ತಿ ಖಾಸಗಿ ಹಕ್ಕು ಕೊಡಬಹುದು ಅಂತ ಕಾನೂನು ಮಾಡಿತು. 2013ರಲ್ಲಿ ಮೊದಲ ಕೆಲವರು ಪಡೆದರು. ಮುಗಿಬಿದ್ದು ಯಾರೂ ಬರಲಿಲ್ಲ. ಗಮನಿಸಬೇಕಾದ್ದು ಏನೆಂದರೆ, ಆ ನಿವೇಶನ ನಾಳೆ ಹೊರಗಿನವರ ಕೈಗೆ ಹೋದರೂ ನೆಲ ನಿಸ್ಗಾ ಆಡಳಿತದ ಒಳಗೇ ಇರುತ್ತದೆ. ಡಾಸ್ ಕಾಯ್ದೆಯಲ್ಲಿ ಮಾಲೀಕತ್ವ ಹೋದರೆ ನೆಲದ ಮೇಲಿನ ಅಧಿಕಾರವೂ ಕೈಜಾರುತ್ತಿತ್ತು. ವೈಯಕ್ತಿಕ ಹಕ್ಕು ಕೊಡಬೇಕಾ ಬೇಡವಾ ಅನ್ನುವುದಲ್ಲ ನನ್ನ ತಕರಾರು. ಯಾರು ತೀರ್ಮಾನಿಸಿದರು? ವಾಷಿಂಗ್ಟನ್ನಿನಲ್ಲಿ ಕೂತವರಾ, ಆ ನೆಲದಲ್ಲಿ ಬದುಕುವವರಾ?

---

ಲೆಕ್ಕದಪುಸ್ತಕ

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. 439 ಮಾಲೀಕರ ಕತೆಯನ್ನು ಗೆಳೆಯರಿಗೆ ಕಳಿಸಿದೆ. ಅವರ ಉತ್ತರ: "ಸರಿ, ಹಾಗಾದರೆ ಬಾಂಡು, ಕಂಪನಿ ಇಷ್ಟೆಲ್ಲ ಯಾಕೆ, ಗಣಿಯಿಂದಲೋ ಉದ್ಯಮದಿಂದಲೋ ಬಂದ ಹಣವನ್ನು ತಲೆಗಿಷ್ಟು ಅಂತ ಕೈಗೇ ಕೊಟ್ಟುಬಿಡಲಿ." ಆಮೇಲೆ ಅವರೇ, "ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ" ಅಂತಲೂ ಸೇರಿಸಿದರು. ಎರಡೂ ಒಂದೇ ಮೆಸೇಜಿನಲ್ಲಿ. ಇದಕ್ಕೆ ಏನಾದರೂ ಇದೆಯಾ?

---

ಸಂಜೆಪಾಳಿ

ಕುಡಿದು ಹಾಳು ಮಾಡುತ್ತಾರೆ ಅನ್ನುವುದನ್ನು ಪರೀಕ್ಷೆ ಮಾಡಿದ ಹಾಗೆ ಒಂದು ಅಧ್ಯಯನ ಆಗಿದೆ, ಅದೂ ಬೇಕಂತ ಮಾಡಿದ್ದಲ್ಲ.

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಜೇನ್ ಕಾಸ್ಟೆಲ್ಲೊ ಎಂಬ ಸಂಶೋಧಕಿಯ ತಂಡ 1993ರಲ್ಲಿ ಹಳ್ಳಿ ಮಕ್ಕಳ ಮಾನಸಿಕ ಆರೋಗ್ಯದ ಅಧ್ಯಯನ ಶುರು ಮಾಡಿತು. 1,420 ಮಕ್ಕಳು, ಅದರಲ್ಲಿ ಕಾಲು ಭಾಗ ಪೂರ್ವದ ಚೆರೋಕಿ ಬುಡಕಟ್ಟಿನವರು. ವರ್ಷವರ್ಷ ಅದೇ ಮಕ್ಕಳನ್ನು ನೋಡುತ್ತಿದ್ದರು. ನಡುವೆ ಬುಡಕಟ್ಟು ಕ್ಯಾಸಿನೊ ತೆರೆಯಿತು. 1996ರಿಂದ ಲಾಭದ ಒಂದು ಪಾಲನ್ನು ವರ್ಷಕ್ಕೆ ಎರಡು ಸಲ ಪ್ರತಿ ಸದಸ್ಯರಿಗೂ ಕೊಡಲು ಶುರು ಮಾಡಿದರು. ಬಡವರು, ಶ್ರೀಮಂತರು ಅಂತಿಲ್ಲ, ಕೆಲಸಕ್ಕೆ ಹೋಗಬೇಕು ಅಂತಿಲ್ಲ, ಅರ್ಜಿ ಇಲ್ಲ. ಸಂಶೋಧಕರಿಗೆ ಕೂತಲ್ಲೇ ಹೋಲಿಕೆ ಸಿಕ್ಕಿತು, ಹಣ ಬಂದ ಮನೆಗಳು, ಬರದ ಮನೆಗಳು.

2003ರಲ್ಲಿ ಬಂದ ಫಲಿತಾಂಶ ಇದು. ಆ ಹಣದಿಂದ ಬಡತನದ ಗೆರೆ ದಾಟಿದ ಮನೆಗಳ ಮಕ್ಕಳಲ್ಲಿ ನಡವಳಿಕೆ ಸಮಸ್ಯೆಗಳು ಇಳಿದು, ಯಾವತ್ತೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಬಂದವು. ಕಾರಣವೂ ಹುಡುಕಿದರು. ಮನೆಯವರಿಗೆ ಮಕ್ಕಳನ್ನು ಗಮನಿಸಲು ಸಮಯ ಸಿಕ್ಕಿತ್ತು. 2010ರಲ್ಲಿ ಬೇರೆ ಅರ್ಥಶಾಸ್ತ್ರಜ್ಞರು ಅದೇ ಮಕ್ಕಳು ದೊಡ್ಡವರಾದ ಮೇಲೆ ನೋಡಿದರು. ತೀರಾ ಬಡ ಮನೆಗಳಲ್ಲಿ ವರ್ಷಕ್ಕೆ ಸುಮಾರು 4,000 ಡಾಲರ್ ಹೆಚ್ಚು ಬಂದಿದ್ದಕ್ಕೆ ಮಕ್ಕಳ ಓದು 21ನೇ ವಯಸ್ಸಿಗೆ ಹೆಚ್ಚುಕಡಿಮೆ ಒಂದು ವರ್ಷ ಜಾಸ್ತಿಯಾಗಿತ್ತು. ಹೆತ್ತವರು ಕೆಲಸ ಬಿಟ್ಟು ಕೂರಲೂ ಇಲ್ಲ.

ಅದರ ಜತೆ ಇನ್ನೊಂದು ಜಾಣತನ ಇದೆ. ಮಕ್ಕಳ ಪಾಲನ್ನು ಹೆತ್ತವರ ಕೈಗೆ ಕೊಡುವುದಿಲ್ಲ, ಟ್ರಸ್ಟಿನಲ್ಲಿ ಇಡುತ್ತಾರೆ. ಆಗೆಲ್ಲ ಹೈಸ್ಕೂಲು ಮುಗಿಸಿದರೆ 18ಕ್ಕೆ ಕೈಗೆ ಬರುತ್ತಿತ್ತು, ಇಲ್ಲದಿದ್ದರೆ 21ರವರೆಗೆ ಕಾಯಬೇಕಿತ್ತು. ಅದು ಬುಡಕಟ್ಟು ತಾನೇ ಮಾಡಿಕೊಂಡಿದ್ದ ನಿಯಮ.

ಹಾಗಂತ ಎಲ್ಲರೂ ಕ್ಯಾಸಿನೊ ಹಾಕಲಿ ಅನ್ನುವುದು ಮೂರ್ಖತನ. ದೊಡ್ಡ ಪಟ್ಟಣದ ಹತ್ತಿರ, ಪ್ರವಾಸಿಗರ ಹಾದಿಯಲ್ಲಿ ಇದ್ದವರಿಗೆ ಅದೃಷ್ಟ. ಬಯಲಿನ ನಟ್ಟನಡುವೆ ಇರುವ ರಿಸರ್ವೇಶನ್‌ಗಳಿಗೆ ಕ್ಯಾಸಿನೊ ಇದ್ದರೂ ಕೆಲವು ನೌಕರಿ ಬಿಟ್ಟರೆ ಹೆಚ್ಚೇನೂ ಬರುವುದಿಲ್ಲ. ಬಡತನ ಅತಿ ಹೆಚ್ಚಿರುವುದೂ ಅಂಥ ಕಡೆಗಳಲ್ಲೇ. ಮತ್ತೆ ತಲೆಗಿಷ್ಟು ಅಂತ ಎಲ್ಲವನ್ನೂ ಹಂಚಿದರೆ ನೀರು, ಆಸ್ಪತ್ರೆ, ಶಾಲೆಗೆ ಏನು ಉಳಿಯುತ್ತದೆ? ಚೆರೋಕಿಗಳು ಅರ್ಧ ಮಾತ್ರ ಹಂಚುತ್ತಾರೆ, ಉಳಿದರ್ಧ ಸಮುದಾಯದ ಕೆಲಸಕ್ಕೆ.

---

ಪಟ್ಟಣವಾಸಿ

ಇಷ್ಟು ಉದ್ದ ಬರೆಯುವ ಬದಲು ಒಂದೇ ಸಾಲು. ದೂರದ ಮೂಲೆಯಲ್ಲಿ ಕೂತು ಅಭಿವೃದ್ಧಿ ಬೇಕು ಅಂದರೆ ಎಲ್ಲಿಂದ ಬರಬೇಕು? ನಗರಕ್ಕೆ ಬರಲಿ, ಓದಲಿ, ಕೆಲಸ ಮಾಡಲಿ. ಎಲ್ಲರೂ ಹಾಗೇ ತಾನೇ ಮೇಲೆ ಬಂದದ್ದು.

---

ನದಿದಂಡೆ

ಬಂದಿದ್ದಾರೆ ಸ್ವಾಮಿ, ಬಂದಾಗಿದೆ. ನ್ಯೂಜಿಲೆಂಡಿನ ಮಾವೋರಿಗಳಲ್ಲಿ ಐವರಲ್ಲಿ ನಾಲ್ವರಿಗಿಂತ ಜಾಸ್ತಿ ಜನ ಈಗಲೇ ಪಟ್ಟಣಗಳಲ್ಲಿದ್ದಾರೆ. ಅಂತರ ಮುಚ್ಚಿತಾ? ಇಲ್ಲ. ಪ್ರಶ್ನೆ ಕೇಳಿದವರು ಹೇಳಿದ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ದುಡಿಯುವ ಆದಿವಾಸಿಗಳಲ್ಲಿ ಶೇ 86ಕ್ಕೂ ಹೆಚ್ಚು ಜನ ಅಸಂಘಟಿತ ವಲಯದಲ್ಲಿದ್ದಾರೆ, ಉಳಿದವರಲ್ಲಿ ಅದು ಶೇ 66. ನಗರಕ್ಕೆ ಬಂದರೂ ಸಿಗುವುದು ಪಿಂಚಣಿ ಇಲ್ಲದ, ರಜೆ ಇಲ್ಲದ ಕೆಲಸ.

ಆದರೆ ನೀವು ಹೇಳಿದ್ದರಲ್ಲಿ ಒಂದು ತಿರುಳಿದೆ. ಸದಸ್ಯರೇ ಊರೂರು ಚದುರಿರುವಾಗ ಸಮುದಾಯದ ಆಸ್ತಿಯ ಲಾಭ ಅವರಿಗೆ ತಲುಪಿಸುವುದು ಹೇಗೆ? ದಕ್ಷಿಣ ದ್ವೀಪದ ನಾಯಿ ತಾಹು ಬುಡಕಟ್ಟಿಗೆ 1998ರಲ್ಲಿ ಹಳೆ ಅನ್ಯಾಯಕ್ಕೆ ಪರಿಹಾರವಾಗಿ 17 ಕೋಟಿ ನ್ಯೂಜಿಲೆಂಡ್ ಡಾಲರ್ ಬಂತು. ಕಳೆದುಕೊಂಡದ್ದಕ್ಕೆ ಹೋಲಿಸಿದರೆ ಅದು ಚಿಲ್ಲರೆ. ಹಂಚಿ ತಿನ್ನಲಿಲ್ಲ. ಮೀನುಗಾರಿಕೆ, ಜಮೀನು, ಪ್ರವಾಸೋದ್ಯಮದಲ್ಲಿ ಹಾಕಿದರು. ಈಗ ಆಸ್ತಿ 100 ಕೋಟಿ ಡಾಲರ್ ದಾಟಿದೆ. 2006ರಲ್ಲಿ ಫಾಯಿ ರಾವಾ ಅನ್ನುವ ಉಳಿತಾಯ ಯೋಜನೆ ತಂದರು. ಸದಸ್ಯ ಎಲ್ಲೇ ಇರಲಿ, ಅವನು ಹಾಕಿದ ಹಣಕ್ಕೆ ಬುಡಕಟ್ಟೂ ತನ್ನ ಪಾಲು ಸೇರಿಸುತ್ತದೆ. ಅದನ್ನು ಓದಿಗೆ, ಮೊದಲ ಮನೆಗೆ, ನಿವೃತ್ತಿಗೆ ತೆಗೆಯಬಹುದು.

---

ಬಿದಿರುಮೆಳೆ

ಇಲ್ಲಿವರೆಗೆ ಎಲ್ಲ ಶ್ರೀಮಂತ ದೇಶಗಳ ಮಾತೇ ಆಯಿತು. ಬಾಂಡು, ಕ್ಯಾಸಿನೊ, ಪರಿಹಾರ. ಜಗತ್ತಿನ ಆದಿವಾಸಿಗಳಲ್ಲಿ ಬಹುಪಾಲು ಇರುವುದು ಏಷ್ಯಾದಲ್ಲಿ. ಅಲ್ಲಿ ಜಗಳ ಇನ್ನೂ ಮೊದಲ ಮೆಟ್ಟಿಲಲ್ಲಿದೆ. ಕಾಡಿನಲ್ಲಿ ಬೆಳೆದದ್ದನ್ನು ಮಾರುವ ಹಕ್ಕು ಯಾರದು?

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಅನ್ನುವ ಗೊಂಡರ ಹಳ್ಳಿ ನೋಡಿ. ಸುತ್ತ ಬಿದಿರು. ಆದರೆ 1927ರ ಅರಣ್ಯ ಕಾಯ್ದೆಯಲ್ಲಿ ಬಿದಿರು ಮರದ ಪಟ್ಟಿಯಲ್ಲಿತ್ತು, ಅಂದರೆ ಅರಣ್ಯ ಇಲಾಖೆಯದ್ದು. ಅಲ್ಲಿ ಹುಟ್ಟಿದವರು ಅದನ್ನು ಕಡಿಯುವ ಕೂಲಿಗಳು, ಅಷ್ಟೇ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಅಂತ ಹೇಳಿ, ಅದರ ಒಡೆತನವನ್ನು ಕಾಡಿನ ಜನರಿಗೆ ಕೊಟ್ಟಿತು. 2009ರಲ್ಲಿ ಈ ಹಳ್ಳಿಗೆ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ಸಿಕ್ಕಿತು. ಆದರೂ ಮಾರಲು ಆಗಲಿಲ್ಲ. ಯಾಕೆಂದರೆ ಬಿದಿರು ಸಾಗಿಸುವ ಪಾಸ್ ಇಲಾಖೆಯ ಕೈಯಲ್ಲೇ ಇತ್ತು. 2011ರಲ್ಲಿ ಕೇಂದ್ರದ ಮಂತ್ರಿಯೇ ಹಳ್ಳಿಗೆ ಬಂದು ಆ ಪಾಸ್ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಡಿಸಬೇಕಾಯಿತು. ಅಲ್ಲಿಂದ ಹರಾಜು ಗ್ರಾಮಸಭೆಯೇ ನಡೆಸುತ್ತದೆ, ಹಣ ಗ್ರಾಮಸಭೆಯ ಖಾತೆಗೆ.

ನೋಡಿ, ಕಾನೂನು ಬಂದು ಐದು ವರ್ಷ, ಹಕ್ಕುಪತ್ರ ಬಂದು ಎರಡು ವರ್ಷ. ಒಂದು ರಸೀದಿ ಪುಸ್ತಕ ಯಾರ ಬೀರುವಿನಲ್ಲಿದೆ ಅನ್ನುವುದರ ಮೇಲೆ ಆದಾಯ ನಿಂತಿತ್ತು. ಡಿ ಸೊಟೊ ಹೇಳಿದ ಸತ್ತ ಬಂಡವಾಳ ಇದೇ ಅಲ್ವಾ? ಅದು ಸತ್ತಿರಲಿಲ್ಲ, ಕೈಕಾಲು ಕಟ್ಟಿದ್ದರು. ಇಲ್ಲಿ ಯಾರೂ ಕಾಡನ್ನು ತಲೆಗಿಷ್ಟು ಅಂತ ಹಂಚಿಕೊಳ್ಳಲಿಲ್ಲ. 2013ರಲ್ಲಿ ಆ ಊರಿನವರು ತಮ್ಮ ಸ್ವಂತ ಹೊಲಗಳನ್ನೂ ಗ್ರಾಮದಾನ ಕಾನೂನಿನಡಿ ಸಮುದಾಯಕ್ಕೇ ಕೊಟ್ಟರು.

ಇನ್ನೊಂದು ಮಾತು, ಬಡತನ ಅಳೆಯುವ ಬಗ್ಗೆ. ದಿನಕ್ಕೆ ಇಷ್ಟು ಡಾಲರ್ ಅನ್ನುವ ಗೆರೆಯಲ್ಲಿ ನದಿಯ ಮೀನು, ಕಾಡಿನ ಗೆಡ್ಡೆ, ಬೇಟೆ, ಹಿಮಸಾರಂಗ ಇವೆಲ್ಲ ಸರಿಯಾಗಿ ಲೆಕ್ಕಕ್ಕೆ ಬರುವುದಿಲ್ಲ. ಅವರು ಸುಖವಾಗಿದ್ದಾರೆ, ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ವೈದ್ಯರಿಗೆ, ಬಸ್ಸಿಗೆ, ಶಾಲೆಗೆ ನಗದೇ ಬೇಕು, ಗೆಡ್ಡೆ ಕೊಟ್ಟರೆ ಆಗುವುದಿಲ್ಲ. ಆದರೆ ಗಣಿಯೋ ಅಣೆಕಟ್ಟೋ ಬಂದು ಜನರನ್ನು ಎಬ್ಬಿಸಿದಾಗ ಲೆಕ್ಕದಲ್ಲಿ ಆದಾಯ ಹೆಚ್ಚಿದ ಹಾಗೆ ಕಾಣುತ್ತದೆ. ಮುಂಚೆ ಸಿಗುತ್ತಿದ್ದ ಊಟವನ್ನು ಈಗ ಕೂಲಿ ಮಾಡಿ ಕೊಳ್ಳುತ್ತಿದ್ದಾರೆ ಅನ್ನುವುದು ಕಾಣುವುದಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 12 ಗ್ರಾಮಸಭೆಗಳನ್ನು ಕೇಳಿದರು, ಹನ್ನೆರಡೂ ಬಾಕ್ಸೈಟ್ ಗಣಿ ಬೇಡ ಅಂದವು. ಆ ಜನ ಲೆಕ್ಕ ಬಾರದವರಲ್ಲ. ಕೇಳಿದ್ದೇ ಮೊದಲ ಸಲ, ಹಾಗಾಗಿ ಅವರ ಲೆಕ್ಕ ನಮಗೆ ಹೊಸದಾಗಿ ಕೇಳಿಸಿತು.

---

ಅಡ್ಡಮಾತು

ಬಿದಿರಿನ ಉದಾಹರಣೆ ಒಪ್ಪಿದೆ, ಅದು ನನ್ನ ವಾದಕ್ಕೂ ಹತ್ತಿರವೇ. ಅಧಿಕಾರಿಯ ಸಹಿ ತೆಗೆಯಿರಿ ಅಂತಲೇ ನಾನೂ ಹೇಳಿದ್ದು. ಆದರೆ ಎಲ್ಲರೂ "ಸಮುದಾಯ ತೀರ್ಮಾನಿಸಲಿ" ಅನ್ನುತ್ತಿದ್ದೀರಿ. ಸಮುದಾಯ ಅಂದರೆ ಯಾರು? ಅಧ್ಯಕ್ಷ? ಅವನ ನೆಂಟರು? ಒಳಗಿನ ಬಲಾಢ್ಯರು ನುಂಗಿದರೆ ಯಾರಿಗೆ ದೂರು ಕೊಡುವುದು?

---

ಹಳೇಕಡತ

ಇದು ಸರಿಯಾದ ಪ್ರಶ್ನೆ, ಇದನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಹಾರ್ವರ್ಡ್‌ನಲ್ಲಿ 1987ರಿಂದ ಸ್ಟೀಫನ್ ಕಾರ್ನೆಲ್, ಜೋಸೆಫ್ ಕಾಲ್ಟ್ ಮತ್ತಿತರರು ಇದನ್ನೇ ಹಿಡಿದು ಕೂತಿದ್ದಾರೆ, ಒಂದೇ ಥರ ನೆಲ ಇರುವ ಎರಡು ಬುಡಕಟ್ಟುಗಳಲ್ಲಿ ಒಂದು ಯಾಕೆ ಮೇಲೇಳುತ್ತದೆ, ಇನ್ನೊಂದು ಯಾಕೆ ಏಳುವುದಿಲ್ಲ ಅಂತ. ಅವರಿಗೆ ಕಂಡದ್ದು, ಖನಿಜವೋ ಓದೋ ಇದ್ದರಷ್ಟೇ ಸಾಲದು. ತಮ್ಮ ತೀರ್ಮಾನ ತಾವೇ ಮಾಡುವ ಅಧಿಕಾರ ಇರಬೇಕು, ಜತೆಗೆ ಆ ಅಧಿಕಾರವನ್ನು ಕಟ್ಟಿಹಾಕುವ ವ್ಯವಸ್ಥೆಯೂ ಇರಬೇಕು. ಬುಡಕಟ್ಟಿನ ಕೋರ್ಟು ಅಧ್ಯಕ್ಷನ ಹಿಡಿತದಲ್ಲಿ ಇರಬಾರದು, ಉದ್ಯಮದ ದಿನನಿತ್ಯದ ಕೆಲಸದಲ್ಲಿ ಚುನಾಯಿತರು ಕೈಯಾಡಿಸಬಾರದು. ನೀವು ಹೇಳಿದ 2008ರ ಅಧ್ಯಯನವನ್ನೂ ನಾನು ಹಾಗೇ ಓದುತ್ತೇನೆ. ರಾಜ್ಯದ ಕೋರ್ಟೇ ಆಗಬೇಕು ಅಂತಲ್ಲ, ನಂಬುವಂಥ ಕೋರ್ಟು ಬೇಕು.

ಸದಸ್ಯ ಯಾರು ಅನ್ನುವುದು ಮಾತ್ರ ಎಲ್ಲರನ್ನೂ ಕಾಡಿದೆ. ಅಲಾಸ್ಕಾದಲ್ಲಿ 1971ರ ಕಾಯ್ದೆಯ ಪ್ರಕಾರ 4.4 ಕೋಟಿ ಎಕರೆ ಮತ್ತು 96.25 ಕೋಟಿ ಡಾಲರ್ ಕೊಟ್ಟು, ಬುಡಕಟ್ಟುಗಳ ಬದಲು ಕಂಪನಿಗಳನ್ನು ಮಾಡಿ, ಜನರನ್ನು ಷೇರುದಾರರನ್ನಾಗಿ ಮಾಡಿದರು. ಕೆಲವು ಕಂಪನಿಗಳು ಚೆನ್ನಾಗಿ ಬೆಳೆದಿವೆ. ಒಂದು ಪ್ರದೇಶದ ಕಂಪನಿಗೆ ಎಣ್ಣೆಯೋ ಮರವೋ ಖನಿಜವೋ ಸಿಕ್ಕರೆ ಆ ಆದಾಯದ ಶೇ 70ನ್ನು ಎಲ್ಲ ಪ್ರಾದೇಶಿಕ ಕಂಪನಿಗಳೂ ಹಂಚಿಕೊಳ್ಳಬೇಕು ಅನ್ನುವ ಒಳ್ಳೆ ನಿಯಮವೂ ಇದೆ. ಆದರೆ ಷೇರು ಸಿಕ್ಕಿದ್ದು 1971ರ ಡಿಸೆಂಬರ್ 18ರಂದು ಬದುಕಿದ್ದವರಿಗೆ. ಮರುದಿನ ಹುಟ್ಟಿದ ಮಗುವಿಗೆ ಇಲ್ಲ, ಅಪ್ಪ ಅಮ್ಮ ಕೊಟ್ಟರೆ ಅಥವಾ ಸತ್ತ ಮೇಲೆ ಬಂದರೆ ಉಂಟು. ಆಮೇಲೆ ತಿದ್ದುಪಡಿ ಆಯಿತು, ಹೊಸ ಪೀಳಿಗೆಗೆ ಷೇರು ಕೊಡಬಹುದು, ಆದರೆ ಈಗಿರುವ ಷೇರುದಾರರು ಮತ ಹಾಕಿ ಒಪ್ಪಬೇಕು. ಒಪ್ಪಿದರೆ ತಮ್ಮ ಲಾಭಾಂಶ ಕಡಿಮೆಯಾಗುತ್ತದೆ. ಕೆಲವು ಕಂಪನಿಗಳು ಒಪ್ಪಿದವು, ಕೆಲವು ಒಪ್ಪಿಲ್ಲ.

ಲೆಕ್ಕದಪುಸ್ತಕ ಅವರೇ, ನಿಮ್ಮ ಗೆಳೆಯರು ಹಕ್ಕುಪತ್ರ ಹಂಚುವ ಪಟ್ಟಿ ಮಾಡಲು ಕೂತರೆ ಮೊದಲು ಇದನ್ನೇ ಕೇಳಿ, ಪಟ್ಟಿ ಮುಗಿದ ಮರುದಿನ ಹುಟ್ಟುವವರಿಗೆ ಏನು ಕೊಡುತ್ತಾರೆ ಅಂತ. ಉತ್ತರ ಬಂದರೆ ಇಲ್ಲಿ ಹಾಕಿ.